ದೇವೇಂದ್ರನ ಹೆಪ್ಪು

ಪುರಾಣದ ದೇವೇಂದ್ರನಿಗೆ ಮೈಯೆಲ್ಲ ಕಣ್ಣು, ಸಾವಿರ. ಮಗ್ಗೆಯ ದೇವೇಂದ್ರನಿಗೆ ಬಹುಕಾಲ ಅನ್ನ ಹಾಕಿದ್ದು ಒಂದೇ ಕಣ್ಣು, ಅದೂ ಕ್ಯಾಮೆರಾದ್ದು. ಆ ಒಂದು ಕಣ್ಣಿನಿಂದಲೇ ಅವನು ಆಲೂರು, ಸಕಲೇಶಪುರ ಎರಡೂ ತಾಲ್ಲೂಕಿನ ಅರ್ಧಕ್ಕರ್ಧ ಮದುವೆಗಳನ್ನು ನೋಡಿದ್ದ. ಧಾರೆಯ ಹೊತ್ತಿನಲ್ಲಿ ಯಾವ ಮಾವನ ಕಣ್ಣು ತುಂಬಿತು, ಯಾವ ಮಾವನ ಕಣ್ಣು ಊಟದ ಪಂಕ್ತಿಯ ಕಡೆ ಹೊರಳಿತು, ಎಲ್ಲದಕ್ಕೂ ಅವನ ಬಳಿ ದಾಖಲೆ ಇತ್ತು.

ದಾಖಲೆಯೇನೋ ಇತ್ತು, ಓಡುತ್ತಿರಲಿಲ್ಲ ಅಷ್ಟೆ. ಮೊದಲು ದೊಡ್ಡ ಕ್ಯಾಸೆಟ್ಟು ಬಂತು. ಜನ ಅದನ್ನು ಧಾರೆ ಸೀರೆಯ ಜೊತೆ ಬೀರುವಿನಲ್ಲಿಟ್ಟರು. ಹತ್ತು ವರ್ಷ ಕಳೆದು ತೆಗೆದರೆ ಸೀರೆ ನೆಟ್ಟಗಿತ್ತು, ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ಆಮೇಲೆ ಸಿ.ಡಿ., ಆಮೇಲೆ ಡಿ.ವಿ.ಡಿ., ಆಮೇಲೆ ಬೆರಳುದ್ದದ ಪೆನ್‌ಡ್ರೈವು. ಪ್ರತಿ ಸಲವೂ ಹಳೆಯದನ್ನು ಎದೆಗೆ ಒತ್ತಿಕೊಂಡು ಯಾರಾದರೊಬ್ಬರು ಅವನ ಅಂಗಡಿಗೆ ಬರುವವರೇ.

"ನಮ್ಮ ಮದ್ವೆ ಓಡ್ತಾ ಇಲ್ಲ ಕಣೋ ದೇವೇಂದ್ರ."

"ಮದ್ವೆ ಓಡ್ತಾ ಐತೆ, ಕ್ಯಾಸೆಟ್ ನಿಂತೈತೆ. ಕೊಡಿ ಇಲ್ಲಿ," ಎಂದು ಅವನು ಅದನ್ನು ಹೊಸ ರೂಪಕ್ಕೆ ಇಳಿಸಿ ಕೊಡುತ್ತಿದ್ದ.

ಎಲ್ಲರ ಕೈಗೂ ಫೋನು ಬಂದು ಎಲ್ಲರೂ ಕ್ಯಾಮೆರಾಮನ್ ಆದ ಮೇಲೆ ದೇವೇಂದ್ರ ಮದುವೆಮನೆ ಬಿಟ್ಟು ಕಂಪ್ಯೂಟರ್ ರಿಪೇರಿಗೆ ಕೂತ. ಬೋರ್ಡಿನಲ್ಲಿ 'ವಿಡಿಯೋ' ಅಳಿಸಿ 'ಕಂಪ್ಯೂಟರ್' ಎಂದು ಬರೆಸಿದ್ದು ಬಿಟ್ಟರೆ ಅಂಗಡಿ ಅದೇ, ಸ್ಟೂಲು ಅದೇ, ಹೆಂಡತಿ ಚಂದ್ರಿಕಾಳ ಟೀಕೆಯೂ ಅದೇ. ಅಂಗಡಿಯ ಹಿಂದಿನ ಬಾಗಿಲು ಅಡುಗೆಮನೆಗೇ ತೆರೆಯುತ್ತಿದ್ದುದರಿಂದ ಟೀಕೆಗೆ ದಾರಿ ಖರ್ಚಿರಲಿಲ್ಲ.

ಆ ದಿನಗಳಲ್ಲಿ ಕಂಪ್ಯೂಟರನ್ನು ನಡೆಸುವ, ದುಡ್ಡು ಕೊಟ್ಟು ಕೊಳ್ಳಬೇಕಾದ ಸಿಸ್ಟಂ ಅನ್ನು ದುಡ್ಡು ಕೊಡದೆಯೇ ಹಾಕಿಕೊಡುವುದು ರಿಪೇರಿಯವರೆಲ್ಲರ ಪದ್ಧತಿ. ದೇವೇಂದ್ರನೂ ಹಾಕಿದ. ಚಂದ್ರಿಕಾಗೆ ಅದು ಗೊತ್ತಾದ ದಿನ ಅನ್ನಕ್ಕೆ ಸಾರು ಬಡಿಸುತ್ತ ಕೇಳಿದಳು: "ಅಲ್ಲಾ ರೀ, ಸಾವಿರ ಮದ್ವೆಮನೆ ತಿರುಗಿ ಒಂದು ತಾಂಬೂಲದ ಚೀಲ ಜಾಸ್ತಿ ತಂದೋರಲ್ಲ ನೀವು. ಇದು ಯಾಕೆ ಹಿಂಗೆ?"

ಅವತ್ತೇ ಊಟ ಮುಗಿಸಿ ಬೇರೆ ದಾರಿ ಹುಡುಕಲು ಕೂತ. ಹುಡುಕುತ್ತ ಹೋದವನಿಗೆ ಮುಕ್ತ ಸಿಸ್ಟಂ ಒಂದು ಸಿಕ್ಕಿತು. ಯಾರ್ಯಾರೋ ಪುಣ್ಯಾತ್ಮರು ಜಗತ್ತಿನ ಮೂಲೆಮೂಲೆಯಲ್ಲಿ ಕೂತು ಕಟ್ಟಿ, ಯಾರು ಬೇಕಾದರೂ ಹಾಕಿಕೊಳ್ಳಿ, ಬಿಚ್ಚಿ ನೋಡಿ, ಪಕ್ಕದ ಮನೆಗೂ ಕೊಡಿ ಎಂದು ಬಿಟ್ಟದ್ದು. ಉಸಿರು ಕಟ್ಟಿಕೊಂಡಿದ್ದ ಹಳೆಯ ಕಂಪ್ಯೂಟರುಗಳು ಅದನ್ನು ಹಾಕಿದ ಮೇಲೆ ಎದ್ದು ಓಡಾಡಿದವು. ಪಂಚಾಯ್ತಿ ಗ್ರಂಥಾಲಯಗಳು, ಕಾಫಿ ಎಸ್ಟೇಟುಗಳಲ್ಲಿ ಲೆಕ್ಕ ಬರೆಯುವ ರೈಟರುಗಳು, ಮನೆಯಲ್ಲಿ ಮಕ್ಕಳು ಬಿಟ್ಟುಹೋದ ಕಂಪ್ಯೂಟರಿಗೆ ಕಸೂತಿ ಬಟ್ಟೆ ಹೊದಿಸಿ ಇಟ್ಟಿದ್ದವರು, ಎಲ್ಲ ಕಡೆಯೂ ದೇವೇಂದ್ರ ಅದನ್ನೇ ಹಾಕಿ ಬಂದ.

ವಾರದೊಳಗೆ ಎಲ್ಲ ಕಡೆಯಿಂದಲೂ ಒಂದೇ ದೂರು. ವಿಡಿಯೋ ಓಡುತ್ತಿಲ್ಲ. ಚಿತ್ರ ಬಂದರೆ ಧ್ವನಿ ಇಲ್ಲ, ಧ್ವನಿ ಬಂದರೆ ಚಿತ್ರ ಇಲ್ಲ, ಒಟ್ಟಿನಲ್ಲಿ ವಿಚಿತ್ರ.

ಕಾರಣ ಕೋಡೆಕ್. ಅದನ್ನು ದೇವೇಂದ್ರ ಚಂದ್ರಿಕಾಗೆ ವಿವರಿಸಿದ್ದು ಹೀಗೆ: ವಿಡಿಯೋ ಅಂದರೆ ಮಡಿಸಿ ಇಟ್ಟ ಸೀರೆ. ಹರಡಿದರೆ ಮನೆ ತುಂಬುತ್ತದೆ, ಮಡಿಸಿದರೆ ಅಂಗೈಯಲ್ಲಿ ಹಿಡಿಯುತ್ತದೆ. ಒಂದೊಂದು ಕಂಪನಿಯದು ಒಂದೊಂದು ಮಡಿಕೆ. ಯಾವ ಮಡಿಕೆ ಎಂದು ಬಲ್ಲವನಿಗೇ ಬಿಚ್ಚಿ ತೋರಿಸಲು ಬರುವುದು. ಆ ಬಲ್ಲತನವೇ ಕೋಡೆಕ್ಕು. ಕೆಲವು ಮಡಿಕೆಗಳ ಮೇಲೆ ಕಂಪನಿಗಳ ಪೇಟೆಂಟ್ ಹಕ್ಕಿರುವುದರಿಂದ, ಮುಕ್ತ ಸಿಸ್ಟಂ ಮಾಡಿದವರು ಮಿಕ್ಕಿದ್ದೆಲ್ಲ ಕೊಟ್ಟು ಇದೊಂದನ್ನು ಹೊರಗಿಟ್ಟು, ಬೇಕಾದವರು ಆಮೇಲೆ ಹಾಕಿಕೊಳ್ಳಿ ಎಂದುಬಿಡುತ್ತಾರೆ.

"ಅಂದ್ರೆ ಹಾಲು ಬಿಟ್ಟಿ ಕೊಟ್ಟು, ಹೆಪ್ಪು ಮಾತ್ರ ಪಕ್ಕದ ಮನೇಲಿ ಈಸ್ಕೊಳ್ಳಿ ಅಂದಂಗೆ," ಎಂದಳು ಚಂದ್ರಿಕಾ.

ಅವನ ಉದ್ದದ ವಿವರಣೆ ಅವಳ ಒಂದು ವಾಕ್ಯದ ಮುಂದೆ ಬಾಲ ಮುದುರಿಕೊಂಡಿತು.

ಹಾಕಿಕೊಳ್ಳಿ ಎನ್ನುವುದು ಸುಲಭ. ಇಂಟರ್ನೆಟ್ ಬೇಕು, ಕಪ್ಪು ಪರದೆ ತೆರೆದು ಅದರಲ್ಲಿ ಮಂತ್ರದಂಥ ಇಂಗ್ಲಿಷ್ ಬಡಿಯಬೇಕು. ಗುಡ್ಡದ ಮೇಲಿನ ವನಗೂರಿನಲ್ಲಿ ನೆಟ್‌ವರ್ಕ್ ಬೇಕೆಂದರೆ ಶಾಲೆಯ ಹಿಂದಿನ ಬಂಡೆ ಹತ್ತಿ ಘಾಟಿಯ ಕಡೆ ಮುಖ ಮಾಡಿ ನಿಲ್ಲಬೇಕು. ಕಂಪ್ಯೂಟರನ್ನು ಹೊತ್ತುಕೊಂಡು ಬಂಡೆ ಹತ್ತಲಾಗುತ್ತದೆಯೇ? ಹಾಗಾಗಿ ದೇವೇಂದ್ರ ಬೇಕಾದ ತುಣುಕುಗಳನ್ನೆಲ್ಲ ಒಂದೊಂದಾಗಿ ಇಳಿಸಿ, ಒಂದಕ್ಕೆ ಇನ್ನೊಂದು ಬೇಕು, ಅದಕ್ಕೆ ಮತ್ತೊಂದು ಬೇಕು ಎಂಬ ಗೊಣಗಾಟವನ್ನೆಲ್ಲ ತೀರಿಸಿ, ಒಂದೂವರೆ ತಿಂಗಳು ಕೂತು ನಲವತ್ತೇಳು ತುಣುಕುಗಳನ್ನು ಒಂದು ಪೆನ್‌ಡ್ರೈವಿಗೆ ತುಂಬಿದ. ಮೇಲೊಂದು ಬಟ್ಟಲಿನ ಚಿತ್ರ. ಅದನ್ನು ಎರಡು ಸಲ ಒತ್ತಿದರೆ ಕೆಲಸ ಶುರು. ಹೆಸರು ಹೆಪ್ಪು.

ಪರೀಕ್ಷಕಿ ಚಂದ್ರಿಕಾ. ಸೌಟು ಕೆಳಗಿಟ್ಟು ಬಂದು ಬಟ್ಟಲನ್ನು ಒತ್ತಿದಳು. ಪರದೆ ಏನೋ ಕೇಳಿತು.

"ಹೌದಾ ಇಲ್ವಾ ಅಂತ ಕೇಳ್ತೈತೆ. ಇಲ್ಲ ಅಂದ್ರೆ ಏನಾಗುತ್ತೆ?"

"ಏನೂ ಆಗಲ್ಲ. ಕೆಲಸ ನಿಲ್ಲುತ್ತೆ."

"ಮತ್ತೆ ಯಾಕೆ ಕೇಳೋದು? ಉಣ್ಣೋಕೆ ಕೂತೋರನ್ನ ಅನ್ನ ಬಡಿಸ್ಲಾ ಬೇಡ್ವಾ ಅಂತ ಕೇಳ್ತೀವಾ?"

ಆ ಪ್ರಶ್ನೆಯನ್ನು ತೆಗೆದ. ಮಾರನೆಯ ದಿನ ಮತ್ತೊಂದು ತೆಗೆದ. ನಾಲ್ಕು ದಿನಕ್ಕೆ ನಾಲ್ಕು ಪ್ರಶ್ನೆ ಹೋದವು. ಪಾಸ್‌ವರ್ಡ್ ಒಂದನ್ನು ಮಾತ್ರ ಅವನು ಬಿಡಲಿಲ್ಲ.

"ಬಾಗಲಲ್ಲಿ ಯಾರು ಅಂತ ಒಂದ್ಸಲ ಕೇಳ್ಬೇಕು ಕಣೆ. ಕಳ್ರು ಬರ್ತಾರೆ."

"ಒಂದ್ಸಲ ಕೇಳ್ಲಿ. ನೆಂಟರನ್ನ ನಾಲ್ಕು ಸಲ ಕೇಳ್ಬಾರ್ದು."

ಹೀಗೆ ಹೆಪ್ಪು ಸಿದ್ಧವಾಯಿತು. ವನಗೂರಿನ ಕಡೆ ಜೀಪ್ ಓಡಿಸುವ ಕರಿಯಪ್ಪ ಅದನ್ನು ಸ್ಟೇರಿಂಗ್ ಮುಂದಿನ ತಗಡಿನ ಡಬ್ಬಿಯಲ್ಲಿ, ಯಾರದೋ ಮಾತ್ರೆ, ಯಾರದೋ ಕನ್ನಡಕದ ಪಕ್ಕ ಇಟ್ಟುಕೊಂಡು ಗುಡ್ಡ ಹತ್ತಿಸುತ್ತಿದ್ದ. ಕೇಳಿದವರ ಮನೆಗೆ ಹೋಗುವುದು, ಕೆಲಸ ಮುಗಿದ ಮೇಲೆ ಮಗ್ಗೆಗೆ ವಾಪಸು.

ದೇವೇಂದ್ರ ಎಣಿಸದೇ ಇದ್ದದ್ದು ಒಂದಿತ್ತು. ಹೆಪ್ಪು ಎಂದು ಹೆಸರಿಟ್ಟ ಮೇಲೆ ಜನ ಅದನ್ನು ಹೆಪ್ಪಿನ ಹಾಗೆಯೇ ನಡೆಸಿಕೊಂಡರು. ದೀಪ ಹಚ್ಚಿದ ಮೇಲೆ ಯಾರೂ ಪೆನ್‌ಡ್ರೈವ್ ಕೊಡುತ್ತಿರಲಿಲ್ಲ. ಶುಕ್ರವಾರವೂ ಇಲ್ಲ. ಮತ್ತೆ, ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದಲ್ಲ. ಪೆನ್‌ಡ್ರೈವಿನ ಜೊತೆ ಒಂದು ಹಿಡಿ ಕಾಳುಮೆಣಸು ಬಂತು, ನಾಲ್ಕು ನಿಂಬೆಹಣ್ಣು ಬಂತು, ಒಮ್ಮೆ ಎಳೆ ಬಿದಿರಿನ ಕಳಲೆ ಬಂದು ಪೆನ್‌ಡ್ರೈವು ಎರಡು ವಾರ ಕಳಲೆಯ ವಾಸನೆ ಹೊಡೆಯಿತು.

"ಸಾಫ್ಟ್‌ವೇರ್‌ನೋರಿಗೆ ಲಕ್ಷ ಸಂಬಳ ಬರುತ್ತಂತೆ. ಕಳಲೆ ಬರುತ್ತಾ?" ಎಂದು ದೇವೇಂದ್ರ ಪಲ್ಯಕ್ಕೆ ಕೈಯೊಡ್ಡಿದ.

ಹೀಗಿರುವಾಗ ವನಗೂರಿನ ಗ್ರಂಥಾಲಯದ ಕಂಪ್ಯೂಟರಿನ ಹಾರ್ಡ್ ಡಿಸ್ಕು ಹಾರ್ಡಾಗಿಯೇ ಕೈಕೊಟ್ಟಿತು. ಇದ್ದದ್ದೇ ಒಂದು ಕಂಪ್ಯೂಟರು. ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ದ್ರಾಕ್ಷಾಯಣಿ ಬಂಡೆ ಹತ್ತಿ ಫೋನ್ ಮಾಡಿದಳು. ಭಾನುವಾರ ದೇವೇಂದ್ರ ಹೊಸ ಡಿಸ್ಕ್ ಹಿಡಿದುಕೊಂಡು ಕರಿಯಪ್ಪನ ಜೀಪಿನಲ್ಲೇ ಹೋದ. ಸಿಸ್ಟಂ ಹೊಸದಾಗಿ ಹಾಕಿದ. ಹಳೆಯ ಡಿಸ್ಕಿನಿಂದ ಅಲ್ಲಿನ ಬಹುಮುಖ್ಯವಾದ ಆಸ್ತಿಯನ್ನು ಜೋಪಾನವಾಗಿ ಎತ್ತಿ ಹೊಸದಕ್ಕೆ ತುಂಬಿದ.

ಆ ಆಸ್ತಿ ಗುಂಡಯ್ಯ ಮೇಷ್ಟ್ರ ಗಣಿತ. ನಿವೃತ್ತರಾದ ಮೇಲೆ ಮೇಷ್ಟ್ರು ಎಸ್ಟೇಟ್ ಲೈನಿನ ಕೂಲಿಮನೆಗಳ ಹೆಂಗಸರಿಗೆ ಸಂಜೆ ಪಾಠ ಹೇಳುತ್ತಿದ್ದರು. ಕಣ್ಣಿನ ಆಪರೇಷನ್‌ಗೆಂದು ಹಾಸನಕ್ಕೆ ಹೋಗುವ ಮುಂಚೆ, ತಾವಿಲ್ಲದಾಗ ಪಾಠ ನಿಲ್ಲಬಾರದೆಂದು ಮೂವತ್ತೆರಡು ಪಾಠಗಳನ್ನು ವಿಡಿಯೋ ಮಾಡಿ ಈ ಕಂಪ್ಯೂಟರಿನಲ್ಲಿ ಇಟ್ಟುಹೋಗಿದ್ದರು.

ಅವುಗಳನ್ನು ನೋಡುತ್ತಿದ್ದವಳು ಮುಖ್ಯವಾಗಿ ಶೀಲಾ. ಮೂವತ್ತನಾಲ್ಕರ ಹೆಂಗಸು, ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ದು, ಬಿದ್ದ ಮೆಣಸು ಆರಿಸಿ ಸೊಂಟ ಸವೆದಿತ್ತು. ಎಸ್ಟೇಟಿನ ಶಿಶುವಿಹಾರದಲ್ಲಿ ಲೈನಿನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಮುನಿಯಮ್ಮ ಜೂನ್‌ಗೆ ಕೆಲಸ ಬಿಡುವವಳಿದ್ದಳು. ಆ ಕೆಲಸ ಶೀಲಾಗೇ ಎಂದು ಸಾಹುಕಾರರು ಒಪ್ಪಿದ್ದರು, ಹತ್ತನೇ ತರಗತಿ ಪಾಸಾಗಿದ್ದರೆ. ಉಳಿದ ಐದು ವಿಷಯ ಹೋದ ವರ್ಷವೇ ಪಾಸಾಗಿತ್ತು. ಗಣಿತ ಒಂದು ಉಳಿದಿತ್ತು. ಜೂನ್‌ಗೆ ಮುಂಚೆ ಇದೊಂದೇ ಪರೀಕ್ಷೆ.

ಅವತ್ತು ಅವಳು ನೋಟ್‌ಬುಕ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಅಣ್ಣಾ, ನಾಳೆ ಬಿಟ್ಟು ಮುಂದಿನ ಸೋಮವಾರ ಪರೀಕ್ಷೆ. ವೃತ್ತದ ಪಾಠ ಇನ್ನೂ ನೋಡಿಲ್ಲ. ಓಡುತ್ತಾ?"

ಓಡುತ್ತಿರಲಿಲ್ಲ. ಹೊಸ ಸಿಸ್ಟಂ, ಕೋಡೆಕ್ ಇಲ್ಲ. ಹೆಪ್ಪು ಹೆಗ್ಗದ್ದೆಯ ಚೆಲುವಮ್ಮನವರ ಮನೆಯಲ್ಲಿತ್ತು. ಹೊರಗೆ ಕರಿಯಪ್ಪ ಹಾರ್ನ್ ಒತ್ತುತ್ತಿದ್ದ.

"ಹೆಪ್ಪು ಹಿಂದೇನೇ ಕಳಿಸ್ತೀನಿ ಕಣಮ್ಮ. ಎರಡು ದಿನ," ಎಂದು ದೇವೇಂದ್ರ ಜೀಪ್ ಹತ್ತಿದ.

ಮಂಗಳವಾರ ಹೆಗ್ಗದ್ದೆಯಿಂದ ಪೆನ್‌ಡ್ರೈವು ಒಂದು ಚೀಲ ಕಿತ್ತಳೆಯ ಜೊತೆ ಬಂತು. ದೇವೇಂದ್ರ ಕಿತ್ತಳೆ ತೆಗೆದುಕೊಂಡು ಪೆನ್‌ಡ್ರೈವನ್ನು ಹಾಗೆಯೇ ಕರಿಯಪ್ಪನ ಡಬ್ಬಿಗೆ ಹಾಕಿದ. ಶುಕ್ರವಾರ ಬೆಳಿಗ್ಗೆ ದ್ರಾಕ್ಷಾಯಣಿಯ ಫೋನು.

"ದೇವೇಂದ್ರಣ್ಣ, ಹೆಪ್ಪು ನಿನ್ನೆ ಬಂತು, ಬಟ್ಟಲು ಕಾಣಿಸ್ತಿಲ್ಲ. ಒಳಗೆ ಒಂದೇ ವಿಡಿಯೋ ಐತೆ. ತೊಟ್ಲು ಶಾಸ್ತ್ರ ಅಂತ ಹೆಸರು. ಅದೂ ಓಡ್ತಿಲ್ಲ. ಶೀಲಾ ನಿನ್ನೆ ಸಂಜೆ ಏಳರವರೆಗೂ ಕೂತಿದ್ದು ಎದ್ದು ಹೋದಳು."

"ನಿನ್ನ ಫೋನಿಗೆ ಹಾಕ್ಕೊಂಡು ತೋರಿಸೋಕಾಗಲ್ವಾ?"

"ಒಂದು ಪಾಠಕ್ಕೇ ಜಾಗ ಇಲ್ಲ ಅಂತೈತೆ ನನ್ನ ಫೋನು. ಅವಳದು ಬಟನ್ ಫೋನು."

ದೇವೇಂದ್ರ ಫೋನಿಟ್ಟು ತನ್ನ ಕಂಪ್ಯೂಟರಿನ ಕಡೆ ನೋಡಿದ. ಹೊಸ ಆವೃತ್ತಿ ಹಾಕುವ ಉತ್ಸಾಹದಲ್ಲಿ ಅಂಗಡಿಯ ಕಂಪ್ಯೂಟರನ್ನು ಅವನು ಹಿಂದಿನ ತಿಂಗಳಷ್ಟೇ ಪೂರ್ತಿ ಅಳಿಸಿದ್ದ, ಪೆನ್‌ಡ್ರೈವಿನಲ್ಲಿ ಇದೆಯಲ್ಲ ಎಂಬ ಧೈರ್ಯದ ಮೇಲೆ. ಊರವರ ಮದುವೆಗಳನ್ನೆಲ್ಲ ಎರಡೆರಡು ಪ್ರತಿ ತೆಗೆದಿಟ್ಟವನು ತನ್ನ ಕೆಲಸಕ್ಕೆ ಒಂದೇ ಪ್ರತಿ ಇಟ್ಟಿದ್ದ. ಆ ನಲವತ್ತೇಳನ್ನು ಮತ್ತೆ ಹುಡುಕಿ ಕೂಡಿಸಲು, ಎಷ್ಟು ಅವಸರ ಮಾಡಿದರೂ, ವಾರ ಬೇಕು. ಇದ್ದದ್ದು ಮೂರು ದಿನ.

ಚೆಲುವಮ್ಮನವರಿಗೆ ಫೋನ್ ಮಾಡಿದ.

"ಕಿತ್ತಳೆ ಸಿಹಿ ಇತ್ತೇನಪ್ಪ?" ಎಂದರು ಅವರು ಮೊದಲಿಗೇ.

"ಇತ್ತು ಅಮ್ಮ. ಪೆನ್‌ಡ್ರೈವ್ ಒಳಗಿದ್ದದ್ದು ಏನಾಯ್ತು?"

"ತೊಳ್ದು ಕೊಟ್ಟೆ ಕಣಪ್ಪ."

"ತೊಳ್ದು ಅಂದ್ರೆ?"

"ಒಳಗಿದ್ದದ್ದೆಲ್ಲ ತೆಗ್ದು ಚೊಕ್ಕ ಮಾಡ್ದೆ. ಇನ್ನೊಬ್ಬರ ಪಾತ್ರೆ ಹಂಗೇ ಕೊಡೋಕಾಗುತ್ತಾ? ಬರೀದು ಕೊಡಬಾರ್ದು ಅಂತ ನಮ್ಮ ಮೊಮ್ಮಗಳ ತೊಟ್ಲು ಶಾಸ್ತ್ರ ಹಾಕಿದೀನಿ. ಚಂದ್ರಿಕಾನೂ ನೋಡಿದ್ಲಾ?"

ದೇವೇಂದ್ರ ಸ್ಟೂಲಿನ ಮೇಲೆ ಕೂತ. ಬೈಯೋಣವೆಂದರೆ ಆಯಮ್ಮ ಮಾಡಿದ್ದರಲ್ಲಿ ಒಂದಾದರೂ ತಪ್ಪು ಎನ್ನುವ ಹಾಗಿರಲಿಲ್ಲ. ಹಿಂದಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಚಂದ್ರಿಕಾ ಬಂದು ಅವನ ಕೈಯಿಂದ ಫೋನ್ ತೆಗೆದುಕೊಂಡಳು.

"ಅಮ್ಮ, ನಾನು ಚಂದ್ರಿಕಾ. ತೊಳ್ಯೋಕೆ ಮುಂಚೆ ಒಳಗಿದ್ದದ್ದನ್ನ ಎಲ್ಲಿಗೆ ಬಗ್ಗಿಸಿದ್ರಿ?"

"ಎಲ್ಲಿಗೆ ಅಂದ್ರೆ? ನಮ್ಮ ಪಾತ್ರೆಗೆ. ಹೆಪ್ಪನ್ನ ಯಾರಾದ್ರೂ ಬಚ್ಚಲಿಗೆ ಚೆಲ್ತಾರೇನೆ? ನಮ್ಮ ಕಂಪ್ಯೂಟರಲ್ಲೇ ಐತೆ."

ಚಂದ್ರಿಕಾ ಗಂಡನ ಕಡೆ ನೋಡಿದಳು. ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ಆ ನೋಟದ ಕೋಡೆಕ್ ಅವನಲ್ಲಿ ಮೊದಲಿನಿಂದಲೇ ಇತ್ತು. ಎದ್ದು ಬೈಕಿನ ಕೀಲಿ ಹುಡುಕಿದ.

"ಆದ್ರೆ ಇವತ್ತು ಶುಕ್ರವಾರ ಕಣೆ," ಎಂದಿತು ಫೋನು. "ನಾಳೆ ಬೆಳಿಗ್ಗೆ ಬರಕ್ಕೆ ಹೇಳು."

ದೇವೇಂದ್ರ ಬಗ್ಗಿ ಫೋನಿಗೆ ಹೇಳಿದ: "ಅಮ್ಮ, ಅದು ಸಾಫ್ಟ್‌ವೇರು. ನಿಜವಾದ ಹೆಪ್ಪಲ್ಲ."

"ಹೆಪ್ಪು ಅಂತ ನೀನೇ ಅಲ್ವೇನೋ ಹೆಸರಿಟ್ಟಿದ್ದು? ಈಗ ಅಲ್ಲ ಅಂದ್ರೆ? ಮನೆ ಲಕ್ಷ್ಮೀನ ಕಳಿಸ್ಬುಟ್ಟು ನಾನೇನ್ ಮಾಡ್ಲಿ?"

ನಾಳೆ ಎಂದರೆ ಶೀಲಾಗೆ ಇನ್ನೊಂದು ಸಂಜೆ ಕಳೆದಂತೆ. ಚಂದ್ರಿಕಾ ಅವನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು. "ಕೊಡಬೇಡಿ ಅಮ್ಮ. ಬದಲಿ ಮಾಡ್ಕೊಳ್ಳಿ. ಒಂದು ಪಾವು ಅಕ್ಕಿ ಕಳಿಸ್ತೀನಿ, ಅಕ್ಕಿ ಒಳಗೆ ತಗೊಂಡು ಆಮೇಲೆ ಹೆಪ್ಪು ಈಚೆಗೆ."

ಫೋನು ಒಪ್ಪಿತು. "ಬದಲಿ ಆದ್ರೆ ಅಡ್ಡಿಯಿಲ್ಲ."

ಹೀಗೆ ದೇವೇಂದ್ರ ಮುಕ್ತವಾಗಿ ಹಂಚಿದ ತನ್ನದೇ ಸಾಫ್ಟ್‌ವೇರಿಗೆ ಅಕ್ಕಿ ತೆರಲು ಹೆಗ್ಗದ್ದೆಗೆ ಹೊರಟ. ಚೆಲುವಮ್ಮನವರು ಅಕ್ಕಿಯನ್ನು ಒಳಗಿಟ್ಟು, ಕಂಪ್ಯೂಟರಿನ ಮೇಲಿನ ಬಟ್ಟೆ ಸರಿಸಿದರು. ಒಳಗೆ ಒಂದು ಫೋಲ್ಡರು, 'ಮಗ್ಗೆ ದೇವೇಂದ್ರಂದು' ಎಂದು ಹೆಸರು. ಅವನು ಬೆರಳಿಟ್ಟು ಎಣಿಸಿದ. ನಲವತ್ತೇಳು. ಬಟ್ಟಲೂ ಇತ್ತು. ಎಲ್ಲವನ್ನೂ ಜೇಬಿನಲ್ಲಿದ್ದ ಬೇರೊಂದು ಪೆನ್‌ಡ್ರೈವಿಗೆ ತುಂಬಿಕೊಂಡ. ಕಡುಬು ತಿನ್ನದೆ ಅವರು ಬಿಡಲಿಲ್ಲ, ತಿನ್ನುವಾಗ ತೊಟ್ಟಿಲು ಶಾಸ್ತ್ರವನ್ನೂ ಪೂರ್ತಿ ನೋಡಬೇಕಾಯಿತು. ಚೆನ್ನಾಗಿ ಓಡಿತು. ಹಳೆಯ ಕಸುಬುದಾರನಿಗೆ ತಡೆಯಲಿಲ್ಲ: "ಮಗೂನ ಬೆಳಕಿನ ಕಡೆ ತಿರುಗಿಸ್ಬೇಕಿತ್ತಮ್ಮ."

ಜೀಪು ಹೊರಡುವ ಕಡೆ ಬೈಕ್ ನಿಲ್ಲಿಸಿ ಓಡಿದಾಗ ಕರಿಯಪ್ಪ ಎಂಜಿನ್ ಚಾಲೂ ಮಾಡಿಯಾಗಿತ್ತು.

"ಡಬ್ಬೀಲಿ ಹಾಕು ಮಾರಾಯ. ನೀನ್ಯಾಕೆ ಬರ್ತೀಯ?"

"ಈ ಸಲ ನಾನೇ ಡಬ್ಬಿ," ಎಂದು ದೇವೇಂದ್ರ ಅಂಗಿಯ ಜೇಬಿನ ಮೇಲೆ ಕೈಯಿಟ್ಟುಕೊಂಡು ಹಿಂದೆ ಕೂತ.

ಮೂರನೆಯ ತಿರುವಿನಲ್ಲಿ ಆನೆ ರಸ್ತೆ ದಾಟುತ್ತಿದೆಯೆಂದು ಮುಕ್ಕಾಲು ಗಂಟೆ ನಿಂತರು. ಕರಿಯಪ್ಪ ನಿದ್ದೆ ಮಾಡಿದ. ದೇವೇಂದ್ರ ನಿಮಿಷಕ್ಕೊಮ್ಮೆ ಗಡಿಯಾರ ನೋಡಿದ. ವನಗೂರು ಮುಟ್ಟಿದಾಗ ಐದೂವರೆ. ಶೀಲಾ ಮೆಣಸಿನ ಕಣದಿಂದ ನೇರವಾಗಿ ಬಂದವಳು ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು, ಹಳೆಯ ಪಾಠಗಳ ಲೆಕ್ಕವನ್ನೇ ಮತ್ತೆ ಮಾಡುತ್ತಿದ್ದಳು. ಅವನನ್ನು ನೋಡಿ ಎದ್ದಳು, ಏನೂ ಕೇಳಲಿಲ್ಲ. ಎರಡು ದಿನ ಎಂದವನು ಐದು ದಿನಕ್ಕೆ ಬಂದಿದ್ದ. ಕೇಳಿದ್ದರೆ ಚೆನ್ನಾಗಿತ್ತು ಎಂದು ದೇವೇಂದ್ರನಿಗೆ ಅನ್ನಿಸಿತು.

"ನೀನೇ ಒತ್ತಮ್ಮ," ಎಂದು ಕುರ್ಚಿ ಎಳೆದುಕೊಟ್ಟ.

ಅವಳು ಮೆಣಸಿನ ಕರಿ ಮೆತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಬಟ್ಟಲನ್ನು ಎರಡು ಸಲ ಒತ್ತಿದಳು. ಪಾಸ್‌ವರ್ಡ್ ಕೇಳಿತು. ದ್ರಾಕ್ಷಾಯಣಿ ಬಗ್ಗಿ ಹಾಕಿದಳು. ಆಮೇಲೆ ಅದು ಮತ್ತೇನನ್ನೂ ಕೇಳಲಿಲ್ಲ. ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ತುಂಬಿತು, 'ಆಯ್ತು' ಎಂಬ ಪದ ಬಂತು.

ಗುಂಡಯ್ಯ ಮೇಷ್ಟ್ರು ಪರದೆಯ ಮೇಲೆ ಪ್ರತ್ಯಕ್ಷರಾದರು. ತಲೆಯ ಮೇಲ್ಭಾಗ ಚೌಕಟ್ಟಿನ ಹೊರಗೆ. ಒಂದು ಕೈಯಲ್ಲಿ ಹೆಂಡತಿಯ ಬಳೆ, ಇನ್ನೊಂದರಲ್ಲಿ ದಾರ. "ಇದು ವೃತ್ತ," ಎಂದು ಬಳೆ ತೋರಿಸಿದರು. "ಹೊರಗೆ ಇಲ್ಲೊಂದು ಬಿಂದು. ಇಲ್ಲಿಂದ ಎರಡು ದಾರ, ಎರಡೂ ಬಳೆಯನ್ನ ಮುಟ್ಟಿ ಹೋಗಬೇಕು, ಒಳಗೆ ನುಗ್ಗಬಾರದು. ಎರಡರ ಉದ್ದವೂ ಒಂದೇ. ಯಾಕೆ? ಕೇಳ್ರಮ್ಮ, ಯಾಕೆ ಅಂತ ನನ್ನ ಕೇಳಬೇಕು ನೀವು."

"ಯಾಕೆ?" ಎಂದಳು ಶೀಲಾ, ಪರದೆಗೆ.

ದೇವೇಂದ್ರ ಪಕ್ಕದ ಬೆಂಚಿನಲ್ಲಿ ಕೂತು ಅವಳನ್ನೇ ನೋಡಿದ. ಇಷ್ಟು ವರ್ಷ ಎಷ್ಟೋ ಮನೆಗಳಲ್ಲಿ ಅವನು ವಿಡಿಯೋ ಹಾಕಿ ತೋರಿಸಿದ್ದ. ನೋಡುವವರೆಲ್ಲ ಅದರಲ್ಲಿ ತಮ್ಮ ಮುಖ ಹುಡುಕುತ್ತಿದ್ದರು. ಇವಳು ಹುಡುಕುತ್ತಿದ್ದುದು ಒಂದು ಕೋನ.

ಪಾಠ ನಿಲ್ಲಿಸಿ ಅವಳು ಅವನ ಕಡೆ ತಿರುಗಿದಳು. "ಅಣ್ಣಾ, ಈ ಎರಡು ತ್ರಿಭುಜ ಒಂದೇ ಅಂತ ಹೆಂಗೆ ಹೇಳಿದ್ರು?"

ದೇವೇಂದ್ರ ದ್ರಾಕ್ಷಾಯಣಿಯ ಕಡೆ ನೋಡಿದ. ಅವಳು ಪುಸ್ತಕ ಜೋಡಿಸುವುದರಲ್ಲಿ ಏಕಾಏಕಿ ಮಗ್ನಳಾದಳು.

"ನಾನು ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡ್ದೋನು ಕಣಮ್ಮ," ಎಂದ ಅವನು. ಚಂದ್ರಿಕಾಗೂ ಒಂದೇ ಸಲ ಎಂದು ಹೇಳಿಟ್ಟಿದ್ದ ಸಂಗತಿ. "ಹಿಂದಕ್ಕೆ ಓಡ್ಸು. ಇಬ್ರೂ ಕೇಳಣ."

ಓಡಿಸಿದಳು. ಮೂರನೆಯ ಸಲಕ್ಕೆ ಅವಳಿಗೆ ತಿಳಿಯಿತು. ನಾಲ್ಕನೆಯ ಸಲ ಅವನಿಗಾಗಿ ಹಾಕಿ, ಬೆರಳಿಟ್ಟು ತೋರಿಸುತ್ತ ಅವಳೇ ಹೇಳಿಕೊಟ್ಟಳು: ಮಧ್ಯದಿಂದ ಹೋಗುವ ಗೆರೆ ಎರಡಕ್ಕೂ ಪಾಲು, ತ್ರಿಜ್ಯ ಅತ್ತಲೂ ಅಷ್ಟೇ ಇತ್ತಲೂ ಅಷ್ಟೇ, ಮುಟ್ಟುವ ಕಡೆ ನೆಟ್ಟಗೆ ಲಂಬ, ಇನ್ನು ಬೇರೆ ಆಗೋದು ಹೆಂಗಣ್ಣಾ? ಮೂವತ್ತೈದು ವರ್ಷ ತಡವಾಗಿ ದೇವೇಂದ್ರ ಹೂಂಗುಟ್ಟಿದ.

ಶನಿವಾರ, ಭಾನುವಾರ ದ್ರಾಕ್ಷಾಯಣಿ ಗ್ರಂಥಾಲಯವನ್ನು ಶೀಲಾಗೆಂದೇ ತೆರೆದಿಟ್ಟು, ಹೊರಗೆ 'ರಜೆ' ಎಂಬ ಹಲಗೆ ತಗುಲಿಸಿದಳು. ಸೋಮವಾರ ಶೀಲಾ ಕರಿಯಪ್ಪನ ಜೀಪಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಪರೀಕ್ಷೆಗೆ ಹೋದಳು. ಅವತ್ತು ಕರಿಯಪ್ಪ ಅವಳ ಹತ್ತಿರ ಚಾರ್ಜು ಕೇಳಲಿಲ್ಲವಂತೆ. ಕೇಳಿದರೆ, ಮರೆತೆ ಎಂದ.

ಫಲಿತಾಂಶ ಬಂದ ದಿನ ಮಗ್ಗೆಯ ಅಂಗಡಿಯಲ್ಲಿ ದೇವೇಂದ್ರ ಯಾರದೋ ಕೀಬೋರ್ಡ್ ತಲೆಕೆಳಗಾಗಿ ಹಿಡಿದು ಅವಲಕ್ಕಿ ಉದುರಿಸುತ್ತಿದ್ದ. ಫೋನಿನಲ್ಲಿ ಗಾಳಿಯ ಸದ್ದು, ನಡುವೆ ದ್ರಾಕ್ಷಾಯಣಿ.

"ದೇವೇಂದ್ರಣ್ಣ, ಶೀಲಾಗೆ... ಗಣಿತ... ಮೂವತ್ತೆಂಟು..."

ಅಷ್ಟಕ್ಕೇ ಕಡಿಯಿತು. ತಿರುಗಿ ಮಾಡಿದರೆ ಹೋಗಲಿಲ್ಲ. ದೇವೇಂದ್ರ ಹಿಂದಿನ ಬಾಗಿಲ ಕಡೆ ಮುಖ ಮಾಡಿದ.

"ಚಂದ್ರಿಕಾ, ಹತ್ತನೇ ಕ್ಲಾಸಿಗೆ ಎಷ್ಟು ಬಂದ್ರೆ ಪಾಸು?"

"ಮೂವತ್ತೈದು. ಎರಡು ಸಲ ಡುಮ್ಕಿ ಹೊಡ್ದೋರಿಗೆ ಗೊತ್ತಿರ್ಬೇಕಲ್ಲ."

ಇದು ಇವಳಿಗೆ ಯಾರು ಹೇಳಿದರು ಎಂದು ಕೇಳುವ ಗೋಜಿಗೆ ಅವನು ಹೋಗಲಿಲ್ಲ. ಬೆರಳು ಮಡಿಸಿ ಎಣಿಸಿದ.

"ಹಂಗಾದ್ರೆ ಮೂರು ಜಾಸ್ತೀನೇ ಬಂದೈತೆ," ಎಂದು ಕೀಬೋರ್ಡನ್ನು ಇನ್ನೊಮ್ಮೆ ಜೋರಾಗಿ ಕೊಡವಿದ.